ಬೆಳ್ಳಿ ಫಿಲ್ಲಿಂಗಿನ ಕೆಳಗಿನ ಗೆರೆ

ಹಲ್ಲಿನ ಎಕ್ಸ್‌ರೇ ತೆಗೆಯುವವನು ದಿನವಿಡೀ ಎರಡೇ ಮಾತು ಕೇಳಬೇಕು. ಬಾಯೊಳಗೆ ಸೆನ್ಸರ್ ಇಟ್ಟರೆ ವಾಂತಿ ಬರುತ್ತದೆ ಎಂದು ಬಂದವರು ಹೇಳುತ್ತಾರೆ, ಚಿತ್ರ ಮಬ್ಬಾಗಿದೆ ಎಂದು ಡಾಕ್ಟರುಗಳು ಹೇಳುತ್ತಾರೆ. ಕನ್ನಡದವರು ಯಾರಾದರೂ ಸಿಕ್ಕಿದರೆ ಮೂರನೆಯದೂ ಒಂದಿದೆ. ನನ್ನ ಕೆಲಸ ಏನೆಂದು ಗೊತ್ತಾದ ಕೂಡಲೇ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಈಗತಾನೇ ತಾವೇ ಕಟ್ಟಿದವರ ಹಾಗೆ ಹೇಳಿ ನಗುತ್ತಾರೆ. ಹದಿನಾಲ್ಕು ವರ್ಷದಿಂದ ನಾನೂ ಜೊತೆಗೆ ನಗುತ್ತಿದ್ದೇನೆ. ಈಗೀಗ ದವಡೆ ನೋಯುತ್ತದೆ.

ಟಿ. ನಗರದ ಸೀರೆ ಅಂಗಡಿಗಳ ಹಿಂದಿನ ಬೀದಿಯೊಂದರಲ್ಲಿ, ಎರಡನೇ ಮಹಡಿಯಲ್ಲಿ ನಮ್ಮ ಸೆಂಟರು. ಹಲ್ಲು, ದವಡೆ ಬಿಟ್ಟರೆ ಇನ್ನೇನರ ಚಿತ್ರವನ್ನೂ ಅಲ್ಲಿ ತೆಗೆಯುವುದಿಲ್ಲ. ಸುತ್ತಲಿನ ಹಲ್ಲಿನ ಡಾಕ್ಟರುಗಳು ಚೀಟಿ ಬರೆದು ಜನರನ್ನು ಕಳಿಸುತ್ತಾರೆ. ನಾನು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ತಿದ್ದಿ, ವಾಟ್ಸಾಪಿನಲ್ಲಿ ಅವರಿಗೆ ಕಳಿಸುತ್ತೇನೆ. ಹೌದು, ವಾಟ್ಸಾಪಿನಲ್ಲಿಯೇ. ಅಷ್ಟು ಬೆಲೆಯ ಸೆನ್ಸರು, ಇಷ್ಟು ಬೆಲೆಯ ಮಾನಿಟರು ಎಲ್ಲ ಇಟ್ಟುಕೊಂಡು ಕೊನೆಗೆ ಡಾಕ್ಟರು ಅದನ್ನು ನೋಡುವುದು ಅಂಗೈಯಗಲದ ಫೋನಿನಲ್ಲಿ, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು. ನೋಡಿದ ಮರುಗಳಿಗೆ ತಮಿಳಿನಲ್ಲಿ ಉತ್ತರ: "ಕೊಂಜಂ ಪಳಿಚ್ಚುನ್ನು ಅನುಪ್ಪುಂಗ ಸಾರ್." ಸ್ವಲ್ಪ ಫಳಫಳ ಹೊಳೆಯುವಂತೆ ಕಳಿಸಿ ಅಂತ. ಹಲ್ಲೇನು ಹಿತ್ತಾಳೆ ಚೊಂಬೇ, ಹುಣಿಸೆಹಣ್ಣು ಹಾಕಿ ತಿಕ್ಕಿ ಕೊಡಲಿಕ್ಕೆ?

ಎಕ್ಸ್‌ರೇ ಚಿತ್ರ ಇರುವುದೇ ಸಪ್ಪೆಯಾಗಿ. ಲೋಹ ಬೆಳ್ಳಗೆ, ಹಲ್ಲು ಅದಕ್ಕಿಂತ ಮಂಕು, ಮೂಳೆ ಬೂದು, ಹುಳುಕಾದ ಜಾಗ ಕಪ್ಪು. ನಿಧಾನವಾಗಿ ಕಣ್ಣಿಟ್ಟು ನೋಡಿದರೆ ಆ ಬೂದುಬಣ್ಣದಲ್ಲೇ ಎಲ್ಲ ಸಿಗುತ್ತದೆ. ಆದರೆ ನಿಧಾನ ಯಾರಿಗಿದೆ? ಮೊದಲ ವರ್ಷಗಳಲ್ಲಿ ನಾನು ಒಂದೊಂದು ಚಿತ್ರಕ್ಕೂ ಬೆಳಕು ಬೇರೆ, ಕಾಂಟ್ರಾಸ್ಟ್ ಬೇರೆ ಎಂದು ಹದ ನೋಡಿ ತಿದ್ದುತ್ತಿದ್ದೆ. ಆಮೇಲೆ ರೇಜಿಗೆ ಹತ್ತಿ ಒಂದು ಉಪಾಯ ಮಾಡಿದೆ. ಕಾಂಟ್ರಾಸ್ಟ್ ಏರಿಸಿ, ಅಂಚುಗಳನ್ನು ಚೂಪು ಮಾಡುವ ಶಾರ್ಪನ್ ಎಂಬುದನ್ನು ಹೆಚ್ಚುಕಡಿಮೆ ಕೊನೆಯವರೆಗೆ ಎಳೆದು, ಎರಡನ್ನೂ ಒಂದೇ ಗುಂಡಿಗೆ ಕಟ್ಟಿಟ್ಟೆ. ಆ ಗುಂಡಿ ಒತ್ತಿದರೆ ಹಲ್ಲು ಪೆನ್ಸಿಲಿನಲ್ಲಿ ಬಿಡಿಸಿದಂತೆ ಎದ್ದು ಬರುತ್ತಿತ್ತು. ಡಾಕ್ಟರುಗಳಿಗೆ ಹುಚ್ಚು ಹಿಡಿಯಿತು. ಬೇರೆ ಸೆಂಟರಿಗೆ ಚೀಟಿ ಬರೆಯುತ್ತಿದ್ದವರೂ ನಮಗೆ ಬರೆಯತೊಡಗಿದರು, ಮಾಲೀಕರು ನನ್ನ ಬೆನ್ನು ತಟ್ಟಿದರು. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಕೆಲಸವನ್ನೂ ಮಾಡಿದ್ದೆ. ತಿದ್ದಿದ ಚಿತ್ರದ ಜೊತೆಗೆ ಮೊದಲಿನ ಸಪ್ಪೆ ಚಿತ್ರವೂ ಉಳಿದರೆ ಕಂಪ್ಯೂಟರು ತುಂಬುತ್ತಿತ್ತು. ಅವಸರದಲ್ಲಿ ಎರಡು ಮೂರು ಸಲ ಸಪ್ಪೆಯದನ್ನೇ ಕಳಿಸಿ ಬೈಸಿಕೊಂಡೂ ಇದ್ದೆ. ನಮ್ಮದು ಹಳೆಯ, ಅಗ್ಗದ ಸಾಫ್ಟ್‌ವೇರು. ತಿದ್ದಿದ್ದನ್ನು ಮೂಲದ ಮೇಲೆಯೇ ಉಳಿಸು ಎಂದು ಅದರಲ್ಲಿ ಒಂದು ಚೌಕ ಇತ್ತು. ಅದಕ್ಕೊಂದು ಟಿಕ್ ಹಾಕಿ ಕೈ ತೊಳೆದುಕೊಂಡೆ.

ಇಷ್ಟೆಲ್ಲ ಹೇಳುತ್ತಿರುವುದು ನನ್ನ ಚಿಕ್ಕಪ್ಪನ ಒಂದು ಹಲ್ಲಿನ ದೆಸೆಯಿಂದ. ನಾವು ಕುಂದಾಪುರದ ಕಡೆಯವರು. ಚಿಕ್ಕಪ್ಪ ನಲವತ್ತು ವರ್ಷದಿಂದ ಪಶ್ಚಿಮ ಮಾಂಬಲದಲ್ಲಿ ಹೋಟೆಲು ನಡೆಸುತ್ತಿದ್ದಾರೆ. ಹೈಸ್ಕೂಲು ಓದಲಿಕ್ಕೆಂದು ಊರಿನಿಂದ ಬಂದ ನನ್ನನ್ನು ಅವರೂ ಚಿಕ್ಕಮ್ಮನೂ ಇಟ್ಟುಕೊಂಡು ಸಾಕಿದರು. ಹೋಟೆಲಿನ ಕೆಲಸ ನನಗೆ ಒಗ್ಗದು ಎಂದಾಗ ಎಕ್ಸ್‌ರೇ ಕೋರ್ಸಿಗೆ ಸೇರಿಸಿದವರೂ ಅವರೇ. ಅವರ ಹೋಟೆಲಿನ ಕಾಫಿಗೆ ಜನ ಬಸ್ಸಿಳಿದು ಬರುತ್ತಾರೆ. ಅದಕ್ಕೆ ಕಾರಣ ಚಿಕ್ಕಪ್ಪನ ಬಲಗಡೆಯ ಕೆಳದವಡೆಯ ಹಲ್ಲು. ತಮಾಷೆಯಲ್ಲ, ಕಾಫಿಪುಡಿ ಅಂಗಡಿಗೆ ದಿನ ಬಿಟ್ಟು ದಿನ ತಾವೇ ಹೋಗಿ, ಹುರಿದ ಬೀಜ ಒಂದನ್ನು ಆ ಹಲ್ಲಿನಲ್ಲಿ ಕಡಿದು, ಕಟಕ್ಕೆಂದು ಮುರಿದರೆ ಮಾತ್ರ ಪುಡಿ ಮಾಡಿಸುತ್ತಾರೆ. ಮೆತ್ತಗೆ ಬಗ್ಗಿದರೆ ಡಬ್ಬಿ ಬದಲಿಸಬೇಕು. ಎಡಗಡೆಯ ದವಡೆಹಲ್ಲುಗಳು ಎಂದೋ ಉದುರಿವೆ. ಅಗಿಯುವುದು, ಕಡಿಯುವುದು, ನೆನೆಸಿದ ಉದ್ದಿನ ಹದ ನೋಡುವುದು ಎಲ್ಲ ಆ ಒಂದರಲ್ಲೇ. ಅದಕ್ಕೂ ಯಾವುದೋ ಕಾಲದಲ್ಲಿ ಹಾಕಿಸಿದ ದೊಡ್ಡ ಬೆಳ್ಳಿ ಫಿಲ್ಲಿಂಗ್ ಇದೆ.

ಈ ಆಷಾಢದ ಸುಮಾರಿಗೆ ಅಲ್ಲಿ ನೋವು ಶುರುವಾಯಿತು. ಡಾಕ್ಟರ ಹತ್ತಿರ ಹೋಗಿ ಎಂದರೆ ಲವಂಗ ಕಚ್ಚಿಕೊಂಡು ಕೂತರು. ಕೊನೆಗೆ ನಾನೇ ಸೆಂಟರಿಗೆ ಕರೆದೊಯ್ದು ಚಿತ್ರ ತೆಗೆದೆ. ನಮ್ಮವರದ್ದಲ್ಲವೇ, ಎಂದಿಗಿಂತ ಚೆನ್ನಾಗಿ ಬರಲಿ ಎಂದು ಗುಂಡಿ ಒತ್ತಿ, ಅದರ ಮೇಲೆ ಶಾರ್ಪನ್ ಇನ್ನೂ ಒಂದು ಚೂರು ಎಳೆದು, ಎರಡು ಸ್ಟೇಷನ್ ಆಚೆ ಗಿಂಡಿಯಲ್ಲಿರುವ ನಮ್ಮ ಪರಿಚಯದ ಡಾಕ್ಟರಿಗೆ ಕಳಿಸಿದೆ. ಫಿಲ್ಲಿಂಗಿನ ಕೆಳಗೆ ಕಾಡಿಗೆಯಲ್ಲಿ ಎಳೆದಂಥ ಕಪ್ಪು ಗೆರೆ. ಡಾಕ್ಟರು ಕೂಡಲೇ ಫೋನು ಮಾಡಿದರು. ಫಿಲ್ಲಿಂಗಿನ ಅಡಿಯಲ್ಲಿ ಹುಳುಕು ಇಳಿದಿದೆ, ನರದ ಹತ್ತಿರ ಬಂದಿದೆ, ಫಿಲ್ಲಿಂಗ್ ಬಿಚ್ಚಲೇಬೇಕು. ಹಳೆಯ ಹಲ್ಲು, ಗೋಡೆ ತೆಳುವಾಗಿದೆ, ಬಿಚ್ಚುವಾಗ ಸೀಳಿದರೆ ಕೀಳಬೇಕಾದೀತು, ಅದಕ್ಕೂ ತಯಾರಾಗಿ ಬರಲಿ ಎಂದರು.

ಇದನ್ನು ಚಿಕ್ಕಪ್ಪನಿಗೆ ಹೇಳುವ ಭಾಗ್ಯವೂ ನನ್ನದೇ. ಅವರು ಕಾಯಿ ತುರಿಯುವವರ ಪಕ್ಕ ನಿಂತಿದ್ದರು. ಕೇಳಿ ನಾಲಿಗೆಯಿಂದ ಆ ಹಲ್ಲನ್ನೊಮ್ಮೆ ಸವರಿಕೊಂಡರು.

"ಈ ಒಂದ್ ಹಲ್ಲ್ ಇತ್ತಂದೇಳಿ ನಾನ್ ಅಡುಗೆಮನಿಯಂಗೆ ನಿಂತದ್ದ್ ಮಾರಾಯ," ಎಂದರು. "ಇದೂ ಹೋರೆ, ಗಂಜಿ ಉಂಡ್ಕಂಡ್ ಮನಿಯಂಗೆ ಕೂಕಂಬುದೇ."

ಆಮೇಲೆ ಎರಡು ವಾರ ಆ ಮನೆಯಲ್ಲಿ ನಡೆದದ್ದನ್ನು ಬರೆದರೆ ರಾಮಾಯಣ. ಚಿಕ್ಕಪ್ಪ ಹೋಗುವುದಿಲ್ಲ ಎಂದರು. ಹುಳುಕು ಬಿಟ್ಟರೆ ದವಡೆಗೇ ಇಳಿಯುತ್ತದೆ ಎಂದು ಚಿಕ್ಕಮ್ಮ ಹೆದರಿಸಿದರು. ಚಿಕ್ಕಪ್ಪ ಅಮಾವಾಸ್ಯೆ ಕಳೆಯಲಿ ಎಂದರು, ಕಳೆಯಿತು. ಗ್ಯಾಸಿನವನು ಬರುತ್ತಾನೆ ಎಂದರು, ಬಂದು ಹೋದ. ಅವರ ಮಕ್ಕಳಿಬ್ಬರೂ ತಮಿಳಿನಲ್ಲಿ ಬೈದು ನೋಡಿದರು, ಅದಕ್ಕೆ ಅವರು ಕನ್ನಡದಲ್ಲಿ ಕಿವುಡರಾದರು. ಪ್ರತಿ ಸಂಜೆಯೂ ಚಿಕ್ಕಮ್ಮ ನನಗೆ ಫೋನು ಮಾಡಿ, ನೀನು ಹೇಳಿದರೆ ಕೇಳುತ್ತಾರೆ, ನೀನು ಹೇಳು ಎನ್ನುತ್ತಿದ್ದರು. ನಾನು ಹೇಳಿದೆ. ಫೋನಿನಲ್ಲಿ ಆ ಚಿತ್ರವನ್ನೇ ದೊಡ್ಡದು ಮಾಡಿ ತೋರಿಸಿ, ಈ ಕಪ್ಪು ಕಾಣುತ್ತದಲ್ಲ, ಇದೇ ಹುಳುಕು, ಇನ್ನೂ ತಡಮಾಡಿದರೆ ದೇವರೇ ಬಂದರೂ ಆಗುವುದಿಲ್ಲ ಎಂದು ದೊಡ್ಡ ಪಂಡಿತನ ಹಾಗೆ ಭಾಷಣ ಬಿಗಿದೆ. ಅವರು ಕನ್ನಡಕ ಹಾಕಿಕೊಂಡು ಗೆರೆಯನ್ನು ನೋಡಿದರು. ನನ್ನ ಮಾತಿಗೆ ಒಪ್ಪಿದರು.

ಡಾಕ್ಟರು ಒಂದು ಬುಧವಾರ ಹನ್ನೆರಡು ಗಂಟೆಗೆ ಬರಲು ಹೇಳಿ, ಬರುವ ಮೊದಲು ಇನ್ನೊಂದು ಹೊಸ ಚಿತ್ರ ಬೇಕೆಂದರು. ಹತ್ತೂವರೆಗೆ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಸೆಂಟರಿಗೆ ಬಂದರು. ಚಿತ್ರ ತೆಗೆದೆ. ನೀವು ಆಟೋ ಹಿಡಿದು ಹೊರಡಿ, ಡಾಕ್ಟರಿಗೆ ನಾನು ಇಲ್ಲಿಂದಲೇ ಕಳಿಸುತ್ತೇನೆ ಎಂದೆ.

ಅವರು ಮೆಟ್ಟಿಲಿಳಿದ ಮೇಲೆ ನೋಡುತ್ತೇನೆ, ಸಾಫ್ಟ್‌ವೇರು ಹಿಂದಿನ ದಿನ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ ನನ್ನ ಸೆಟ್ಟಿಂಗನ್ನೆಲ್ಲ ನುಂಗಿ ಕೂತಿದೆ. ಗುಂಡಿ ಇಲ್ಲ. ಚೌಕದ ಟಿಕ್ಕೂ ಇಲ್ಲ. ಶಿವನೇ, ಯಾರು ಕೇಳಿದ್ದರು ಇವರನ್ನು ಅಪ್‌ಡೇಟ್ ಮಾಡಿ ಎಂದು! ಸರ್ವಿಸಿನವರಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಸಂಗೀತ ಹಾಕಿದರು. ಮೈಯೆಲ್ಲ ಉರಿದುಹೋಯಿತು. ಸರಿ, ಕೈಯಲ್ಲೇ ತಿದ್ದೋಣ ಎಂದು ಚಿತ್ರ ತೆರೆದೆ. ಬೂದು ಬೂದಾಗಿ ಹಲ್ಲು, ಅದರಲ್ಲಿ ಬೆಳ್ಳಗೆ ಫಿಲ್ಲಿಂಗು. ಕೆಳಗೆ ಗೆರೆ ಇಲ್ಲ.

ಸೆನ್ಸರು ಕೆಟ್ಟಿದೆ ಎಂದುಕೊಂಡು ಅದಕ್ಕೂ ಒಂದಿಷ್ಟು ಬೈದೆ. ಕಾಂಟ್ರಾಸ್ಟ್ ಏರಿಸಿದೆ, ಗೆರೆ ಬರಲಿಲ್ಲ. ಬೆಳಕು ಕಮ್ಮಿ ಮಾಡಿದೆ, ಬರಲಿಲ್ಲ. ಶಾರ್ಪನ್ ಎಳೆದೆ. ಅರ್ಧ ದಾಟುತ್ತಿದ್ದಂತೆ ಫಿಲ್ಲಿಂಗಿನ ಅಡಿಯಲ್ಲಿ ತೆಳುವಾಗಿ ಕಪ್ಪು ಹುಟ್ಟಿತು. ಇನ್ನೂ ಎಳೆದೆ, ದಪ್ಪವಾಯಿತು. ಹಿಂದಕ್ಕೆ ತಂದೆ, ಮಾಯವಾಯಿತು. ಎಷ್ಟು ಸಲ ಹಾಗೆ ಎಳೆದು ಬಿಟ್ಟು ಮಾಡಿದೆನೋ ಲೆಕ್ಕವಿಲ್ಲ. ಮೇಜಿನ ಮೇಲೊಂದು ಅಳಿಸುವ ರಬ್ಬರ್ ಇತ್ತು. ಅದಕ್ಕೆ ಒಂದು ಡ್ರಾಯಿಂಗ್ ಪಿನ್ ಚುಚ್ಚಿ, ಸೆನ್ಸರಿನ ಮೇಲಿಟ್ಟು ಚಿತ್ರ ತೆಗೆದು ಶಾರ್ಪನ್ ಎಳೆದೆ. ಪಿನ್ನಿನ ಸುತ್ತಲೂ ಅದೇ ಕಪ್ಪು ಗೆರೆ. ರಬ್ಬರಿಗೂ ಹುಳುಕು!

ಅರ್ಥವಾಗದಿರಲು ನಾನೇನು ಮಗುವೇ? ಬಿಳಿ ಮತ್ತು ಬೂದು ಸೇರುವ ಅಂಚನ್ನು ಎದ್ದು ಕಾಣಿಸಲು ಅದು ಬಿಳಿಯನ್ನು ಇನ್ನಷ್ಟು ಬಿಳಿ ಮಾಡುತ್ತದೆ, ಪಕ್ಕದ ಬೂದನ್ನು ಕಪ್ಪು ಮಾಡುತ್ತದೆ. ಲೋಹ ಇದ್ದಲ್ಲೆಲ್ಲ ಗೆರೆ ಏಳುತ್ತದೆ. ಕೋರ್ಸಿನಲ್ಲಿ ಯಾರೋ ಮೇಷ್ಟ್ರು ಹೇಳಿಯೂ ಇದ್ದರು, ನಾನು ಪರೀಕ್ಷೆಗೆ ಬರೆದೂ ಇದ್ದೆ. ಚಿಕ್ಕಪ್ಪನಿಗೆ ಹುಳುಕು ಬಂದದ್ದು ನನ್ನ ಮೌಸಿನಿಂದ.

ಗಂಟೆ ಹನ್ನೊಂದು ಇಪ್ಪತ್ತು. ಚಿಕ್ಕಪ್ಪನಿಗೆ ಫೋನು ಮಾಡಿದರೆ ಹೋಟೆಲಿನ ಅಡುಗೆಯವರು ಎತ್ತಿದರು; ಫೋನನ್ನು ಹಿಟ್ಟಿನ ಡಬ್ಬದ ಮೇಲೆ ಬಿಟ್ಟು ಹೋಗಿದ್ದಾರಂತೆ. ಚಿಕ್ಕಮ್ಮನದು ಸ್ವಿಚ್ ಆಫ್, ಅವರು ಬ್ಯಾಟರಿ ಉಳಿಸುವವರು. ಡಾಕ್ಟರ ಕ್ಲಿನಿಕ್ಕಿಗೆ ಮಾಡಿದರೆ ಅಲ್ಲಿನ ಹುಡುಗಿ, ಡಾಕ್ಟರು ಪೇಷೆಂಟ್ ನೋಡುತ್ತಿದ್ದಾರೆ, ಏನಿದ್ದರೂ ವಾಟ್ಸಾಪ್ ಮಾಡಿ ಎಂದಳು. ಮಾಡಿದೆ. ತಿದ್ದದ ಚಿತ್ರವನ್ನೇ ಕಳಿಸಿ, ಹುಳುಕು ಇಲ್ಲ, ಬಿಚ್ಚಬೇಡಿ, ದಯವಿಟ್ಟು ಫೋನು ಮಾಡಿ ಎಂದು ಕೆಳಗೆ ಬರೆದೆ. ಐದು ನಿಮಿಷಕ್ಕೆ ಉತ್ತರ ಬಂತು. ನಾನು ಬರೆದದ್ದನ್ನು ಆ ಪುಣ್ಯಾತ್ಮ ಓದಿರಲಿಲ್ಲ. ಚಿತ್ರ ತುಂಬಾ ಡಲ್ಲಾಗಿದೆ, ಎಂದಿನ ಹಾಗೆ ಪಳಿಚ್ಚುನ್ನು ಕಳಿಸಿ ಎಂದಿತ್ತು.

ಮತ್ತೆ ಕ್ಲಿನಿಕ್ಕಿಗೆ ಮಾಡಿದರೆ ಯಾರೂ ಎತ್ತಲಿಲ್ಲ; ಫೋನನ್ನು ಗೋಡೆಗೆ ಅಪ್ಪಳಿಸಬೇಕು ಅನ್ನಿಸಿತು. ಸೆಂಟರಿಗೆ ಬೀಗ ಹಾಕಿ ಓಡಿದೆ. ರಂಗನಾಥನ್ ಬೀದಿಯಲ್ಲಿ ಆ ಹೊತ್ತಿಗೆ ಓಡುವುದೆಂದರೆ ಏನೆಂದು ಅಲ್ಲಿ ನಡೆದವರಿಗೇ ಗೊತ್ತು. ಒಂದು ಕಡೆ ಚೂಡಿದಾರ್ ಚೌಕಾಸಿ, ಇನ್ನೊಂದು ಕಡೆ ಮಾವಿನಕಾಯಿಗೆ ಖಾರ ಹಚ್ಚಿಸಿಕೊಳ್ಳುವವರು, ಮಧ್ಯೆ ಅಡ್ಡಡ್ಡಲಾಗಿ ಕೈಹಿಡಿದು ನಡೆಯುವ ಸಂಸಾರಗಳು. ಎಲ್ಲರ ಕಾಲೂ ತುಳಿದು, ಎಲ್ಲರ ಬೈಗುಳವನ್ನೂ ತೆಗೆದುಕೊಂಡು ಮಾಂಬಲಂ ಸ್ಟೇಷನ್ ಸೇರಿದೆ. ಸೈದಾಪೇಟೆ, ಆಮೇಲೆ ಗಿಂಡಿ, ಎರಡೇ ಸ್ಟೇಷನ್. ಸೈದಾಪೇಟೆಯಲ್ಲಿ ರೈಲು ಯಾಕೆ ಅಷ್ಟು ಹೊತ್ತು ನಿಂತಿತೋ ಇಂದಿಗೂ ತಿಳಿಯದು. ಬಾಗಿಲಲ್ಲಿ ನಿಂತು ನಾನು ಚಿಕ್ಕಪ್ಪನ ಹಲ್ಲಿನ ಗೋಡೆಯನ್ನೇ ನೆನೆಯುತ್ತಿದ್ದೆ. ಸೀಳಿದರೆ ಎಂದು ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇತ್ತು.

ಕ್ಲಿನಿಕ್ಕಿನಲ್ಲಿ ಹುಡುಗಿ ತಡೆಯುತ್ತಿದ್ದಂತೆಯೇ ಒಳಗೆ ನುಗ್ಗಿದೆ. ಚಿಕ್ಕಪ್ಪ ಕುರ್ಚಿಯಲ್ಲಿ ಅಂಗಾತ ಮಲಗಿದ್ದರು, ಮರಗಟ್ಟಿಸುವ ಸೂಜಿ ಆಗಲೇ ಕೊಟ್ಟಾಗಿತ್ತು. ತುಟಿ ಒಂದು ಕಡೆಗೆ ಜೋತುಬಿದ್ದಿತ್ತು. ಡಾಕ್ಟರ ಕೈಯಲ್ಲಿ ಡ್ರಿಲ್ಲು. ಮೂಲೆಯ ಸ್ಟೂಲಿನ ಮೇಲೆ ಚಿಕ್ಕಮ್ಮ ಕೈಚೀಲ ಅಪ್ಪಿಕೊಂಡು ಕೂತಿದ್ದರು. ಏದುಸಿರು ಬಿಡುತ್ತಾ, ಆ ಗೆರೆ ಹಲ್ಲಿನಲ್ಲಿ ಇಲ್ಲ, ಅದು ನನ್ನ ಕೆಲಸ ಎಂದೆ.

ಡಾಕ್ಟರಿಗೆ ಸಿಟ್ಟು ಬಂತು. ಆರು ವರ್ಷದಿಂದ ನಿಮ್ಮ ಚಿತ್ರ ನೋಡುತ್ತಿದ್ದೇನೆ, ಹುಳುಕು ಯಾವುದೆಂದು ನನಗೆ ಗೊತ್ತಿಲ್ಲವೇ ಎಂದರು. ನಾನು ರಬ್ಬರಿನ ಚಿತ್ರ ತೋರಿಸಿದೆ. ಮೊದಲು ನಕ್ಕರು. ಆಮೇಲೆ ಫೋನು ಕಿತ್ತುಕೊಂಡು ತಿದ್ದದ ಚಿತ್ರವನ್ನು ತಾವೇ ಹಿಗ್ಗಿಸಿ, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ನಿಂತು ನೋಡಿದರು. ಡ್ರಿಲ್ಲು ಕೆಳಗಿಟ್ಟರು. ಸಣ್ಣ ಕೊಕ್ಕೆಯಂಥ ಸಲಕರಣೆಯಿಂದ ಫಿಲ್ಲಿಂಗಿನ ಸುತ್ತ ಎಲ್ಲ ಕಡೆ ಕೆದಕಿ ನೋಡಿದರು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಪಕ್ಕದ ಒಸಡನ್ನು ಒತ್ತಿದಾಗ ಅಲ್ಲಿಂದ ಏನೋ ಒಂದು ಚೂರು ಹೊರಗೆ ಬಂತು. ಕೊತ್ತಂಬರಿ ಬೀಜದ ಸಿಪ್ಪೆ. ನೋವು ಅದರದ್ದು. ತೊಳೆದು, ಒಂದು ಔಷಧಿ ಸವರಿ, ಹಲ್ಲು ಗಟ್ಟಿಯಿದೆ, ಮನೆಗೆ ಹೋಗಿ ಎಂದರು.

ನಾನು ಹೊರಡುವಾಗ ಡಾಕ್ಟರು ಬಾಗಿಲ ತನಕ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಎಲ್ಲಾರುಕ್ಕುಮೇ ಇಪ್ಪಡಿತ್ತಾನ್ ಅನುಪ್ಪಿನೀಂಗಳಾ?"

ಎಲ್ಲರಿಗೂ ಹೀಗೆಯೇ ಕಳಿಸಿದ್ದಾ ಅಂತ. ನೀವೇ ಕೇಳಿದ್ದಲ್ಲವೇ ಎಂಬ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಹೌದು ಎಂದಷ್ಟೇ ಹೇಳಿದೆ. ಇನ್ನು ಮೇಲೆ ತಿದ್ದಿದ ಚಿತ್ರ, ತಿದ್ದದ ಚಿತ್ರ ಎರಡನ್ನೂ ಕಳಿಸಿ ಎಂದು ಅವರು ಒಳಗೆ ಹೋದರು.

ಹೋಟೆಲಿಗೆ ಬರುವಷ್ಟರಲ್ಲಿ ಚಿಕ್ಕಪ್ಪನ ತುಟಿ ಸರಿಯಾಗತೊಡಗಿತ್ತು. ಮಾತು ಇನ್ನೂ ತೊದಲುತ್ತಿದ್ದರೂ ಬಾಯಿ ನಿಲ್ಲಲಿಲ್ಲ. ಅಡುಗೆಯವರು, ಬಡಿಸುವವರು, ಹಾಲಿನವರು, ಇಡ್ಲಿ ತಿನ್ನುತ್ತಿದ್ದ ಪಾಪದ ಗಿರಾಕಿಗಳು ಎಲ್ಲರನ್ನೂ ಹಿಡಿದು ನಿಲ್ಲಿಸಿ, ನಮ್ಮ ಹುಡುಗ ರೈಲು ಹಿಡಿದು ಓಡಿ ಬಂದು ಡಾಕ್ಟರ ಕೈ ಹಿಡಿದು ನಿಲ್ಲಿಸಿದ ಎಂದು ಹೇಳುವುದೇ ಹೇಳುವುದು. ನನಗೆ ನಲವತ್ತಕ್ಕೆ ಎರಡು ಕಮ್ಮಿ, ಅವರಿಗೆ ಇನ್ನೂ ಹುಡುಗ. ತಪ್ಪು ನನ್ನದೇ ಎಂದು ಎರಡು ಸಲ ಹೇಳಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ತಾವೇ ಕಾಫಿ ಬೆರೆಸಿ ತಂದು ಮುಂದಿಟ್ಟರು. ಹೊಗಳಿಕೆ ಕೇಳಿ ಇಷ್ಟು ಕಿರಿಕಿರಿ ನನಗೆ ಯಾವತ್ತೂ ಆಗಿರಲಿಲ್ಲ.

ಚಿಕ್ಕಮ್ಮ ಎದುರಿಗೆ ಕೂತು ದೋಸೆ ಮುರಿಯುತ್ತಿದ್ದರು. ಚಿಕ್ಕಪ್ಪ ಅಡುಗೆಮನೆಗೆ ಹೋದ ಮೇಲೆ ನನ್ನ ಕಡೆ ನೋಡಿದರು.

"ಹಾಂಗಾರೆ ನಂದ್?" ಎಂದರು. "ಅದೂ ನೀನ್ ತೆಗ್ದ್ ಫೋಟೋ ಅಲ್ದಾ?"

ಎರಡು ವರ್ಷದ ಹಿಂದೆ ಅವರ ದವಡೆಹಲ್ಲಿನ ಬೆಳ್ಳಿ ಫಿಲ್ಲಿಂಗನ್ನು ಇದೇ ಡಾಕ್ಟರು ಬಿಚ್ಚಿದ್ದರು. ಬಿಚ್ಚುವಾಗ ಹಲ್ಲು ಬುಡದ ತನಕ ಸೀಳಿತು, ಕಿತ್ತರು. ಆಗ ಯಾರೂ ಏನೂ ಕೇಳಲಿಲ್ಲ, ಚಿಕ್ಕಮ್ಮನೂ ಕೇಳಲಿಲ್ಲ. ನಾನು ಫೋನು ತೆಗೆದು ಡಾಕ್ಟರಿಗೆ ಕಳಿಸಿದ್ದ ಹಳೆಯ ಚಿತ್ರಗಳನ್ನು ಮೇಲೆ ಮೇಲೆ ಸರಿಸುತ್ತಾ ಹೋದೆ. ನೂರಾರು ಹಲ್ಲುಗಳು, ಯಾರ ಯಾರವೋ, ಎಲ್ಲದಕ್ಕೂ ಒಂದೇ ಹೊಳಪು. ಕೊನೆಗೆ ಚಿಕ್ಕಮ್ಮನದು ಸಿಕ್ಕಿತು. ಫಿಲ್ಲಿಂಗಿನ ಅಡಿಯಲ್ಲಿ ದಪ್ಪನೆಯ ಕಪ್ಪು ಗೆರೆ. ಅದರ ಕೆಳಗೆ ಡಾಕ್ಟರ ಉತ್ತರ, ಸೂಪರ್ ಅಂತ. ಅದಕ್ಕೆ ನಾನು ಕೈಮುಗಿದ ಚಿತ್ರ ಹಾಕಿದ್ದೆ.

ನಿಜವಾಗಿಯೂ ಹುಳುಕಿತ್ತು ಚಿಕ್ಕಮ್ಮ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಇದ್ದಿರಲೂಬಹುದು. ಆದರೆ ಆ ಮುಖ ನೋಡಿಕೊಂಡು ಬಾಯಿ ಬರಲಿಲ್ಲ.

"ಗೊತ್ತಿಲ್ಲೆ ಚಿಕ್ಕಮ್ಮ. ಮೊದ್ಲಿನ್ ಫೋಟೋ ನಾನ್ ಉಳ್ಸ್ಲಿಲ್ಲ."

ಅವರು ತಲೆಯಾಡಿಸಿದರು. ಅಡುಗೆಮನೆಯಿಂದ ಚಿಕ್ಕಪ್ಪನ ದನಿ ಕೇಳುತ್ತಿತ್ತು, ಇನ್ನೊಬ್ಬರಿಗೆ ರೈಲಿನ ಕಥೆ ಮೊದಲಿನಿಂದ ಶುರುವಾಗಿತ್ತು. ಚಿಕ್ಕಮ್ಮ ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಇವ್ರ ಹತ್ರ ಹೇಳ್ಬೇಡ," ಎಂದರು. "ಭಾರೀ ಖುಷಿಯಂಗೆ ಇದ್ರ್."

ಆಮೇಲೆ ದೋಸೆಯ ಚೂರನ್ನು ಚಟ್ನಿಯಲ್ಲಿ ಅದ್ದಿ, ಮೆತ್ತಗಾಗುವ ತನಕ ಕಾದು, ಹಲ್ಲಿದ್ದ ಕಡೆಗೆ ಹಾಕಿಕೊಂಡರು.